ಎರಡು ಬೊಟ್ಟು ಹರಳೆಣ್ಣೆ

ಆನೆ ಬರಲೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮಿಕ್ಕ ಮಾತು ಆಮೇಲೆ. ಅವತ್ತು ಹಂಗಳ ದಾಟಿದ ಮೇಲೆ ಸಾಹುಕಾರರ ಕಾರು ಕಡಲೆಕಾಯಿ ಹೊಲಕ್ಕೆ ನುಗ್ಗಿದ್ದು ಆನೆಯಿಂದಲ್ಲ, ನನ್ನ ಹರಳೆಣ್ಣೆಯಿಂದ.

ನಮ್ಮ ಮನೆಯಲ್ಲಿ ಈಗಲೂ ಆನೆಯ ಕಥೆಯೇ ಓಡುತ್ತಿದೆ. ಮಕ್ಕಳು ಹೇಳುತ್ತಾರೆ, ಮೊಮ್ಮಕ್ಕಳು ಹೇಳುತ್ತಾರೆ, ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಹೆಣ್ಣು ಕೂಡ ಕೈಯನ್ನು ಸೊಂಡಿಲಿನ ಹಾಗೆ ಎತ್ತಿ ತೋರಿಸುತ್ತಾಳೆ. ಆ ಕಾರಿನಲ್ಲಿ ಇದ್ದವರು ಮೂರೇ ಜನ. ಅದರಲ್ಲಿ ಇಬ್ಬರು ಹೋಗಿಬಿಟ್ಟರು, ಉಳಿದವಳು ನಾನು. ನನ್ನನ್ನು ಯಾರೂ ಕೇಳಲಿಲ್ಲ. ಆನೆ ಕಥೆ ಸಿಗುವಾಗ ಎಣ್ಣೆ ಕಥೆ ಯಾರಿಗೆ ಬೇಕು ಹೇಳಿ.

ಈಗ ಇದೆಲ್ಲ ನೆನಪಾದದ್ದು ಮೊಮ್ಮಗನಿಂದ. ನಂಜನಗೂಡಿನಲ್ಲಿ ಮೇಷ್ಟ್ರಾಗಿದ್ದಾನೆ, ಹೋದ ತಿಂಗಳು ಕಾರು ತೆಗೆದುಕೊಂಡ. ಮುಂದೆ ಕೂರಿಸಿದ. ನಾನು ಸ್ಟೇರಿಂಗಿನ ಮೇಲೆ ಕೈಯಿಟ್ಟೆ. ಮೆತ್ತಗಿತ್ತು, ಚರ್ಮದ್ದು. ಅವನು ಹೌಹಾರಿ, ‘ಅಜ್ಜೀ, ಮುಟ್ಬ್ಯಾಡ, ನಿಂದು ಎಣ್ಣೆ ಕೈ’ ಅಂದ. ಆಮೇಲೆ ಒಂದು ಪುಟ್ಟ ಬಾಟಲಿ ತೆಗೆದ, ಕರ್ಚೀಪಿನಂಥ ಬಟ್ಟೆ ತೆಗೆದ, ಬಾಟಲಿಯ ಮೇಲಿದ್ದದ್ದನ್ನು ಓದಿ ಹೇಳಿದ. ಒಂದು ಕಡಲೆಕಾಳಿನಷ್ಟೇ ತೆಗೆದುಕೊಳ್ಳಬೇಕಂತೆ. ಬಟ್ಟೆಗೆ ಹಚ್ಚಬೇಕಂತೆ, ಚರ್ಮಕ್ಕೆ ನೇರವಾಗಿ ಸುರಿಯಬಾರದಂತೆ. ಬಿಸಿಲಿಗೆ ಬಿಡಬಾರದಂತೆ.

ಇಷ್ಟನ್ನು ಬಾಟಲಿಯ ಮೇಲೆ ಬರೆಯುವುದಕ್ಕೆ ಎಷ್ಟು ದೊಡ್ಡ ಓದು ಓದಿರಬೇಕೋ ಕಾಣೆ. ಕುದುರೆ ಜೀನು ಹೊಲಿಯುವ ಗಫಾರ್ ಸಾಬರು ಏನೂ ಓದಿರಲಿಲ್ಲ. ಅವರು ಹೇಳಿದ್ದೂ ಇಷ್ಟೇ. ಕೇಳಿಸಿಕೊಂಡವಳು ನಾನು ಅನ್ನುವುದೊಂದೇ ತೊಂದರೆ.

ಮೊದಲು ನನ್ನ ಗಂಡನ ಅಂಗೈ ವಿಷಯ ಹೇಳಬೇಕು. ಪುಟ್ಟಮಾದಪ್ಪ ಅಂತ ಅವರ ಹೆಸರು. ಅಂಗೈ ಬೆವರುತ್ತಿತ್ತು. ಸುಮ್ಮನೆ ಬೆವರುವುದಲ್ಲ, ಹೊಸ ಮಣ್ಣಿನ ಗಡಿಗೆ ಒಸರುವ ಹಾಗೆ. ನಮ್ಮ ಮದುವೆಯಲ್ಲಿ ಧಾರೆ ಎರೆದಾಗ ನೀರು ಬಿದ್ದು ಕೈ ಒದ್ದೆಯಾಗಿದೆ ಅಂದುಕೊಂಡೆ. ಧಾರೆ ಮುಗಿಯಿತು, ಊಟ ಮುಗಿಯಿತು, ಬೀಗರು ಪಾಯಸ ಸಾಲಲಿಲ್ಲವೆಂದು ಜಗಳ ಆಡಿ ಅದೂ ಮುಗಿಯಿತು. ಕೈ ಮಾತ್ರ ಒಣಗಲಿಲ್ಲ. ಇವರಿಗೇನೋ ಕಾಯಿಲೆ ಇದೆ ಎಂದು ಅವ್ವನ ಕಿವಿಯಲ್ಲಿ ಹೇಳಿದೆ. ‘ಸುಮ್ಕ ಕೂತ್ಕಮ್ಮಿ. ಗಂಡಸು ಅಂದ್ಮೇಲ ಎಲ್ಲಾರ ಒಂದ್ಕಡ ಬೆವರ್ಬೇಕು’ ಎಂದಳು ಅವ್ವ.

ಗುಂಡ್ಲುಪೇಟೆಯ ಸಾಹುಕಾರರ ಮನೆಯಲ್ಲಿ ಇವರು ಜಟಕಾ ಹೊಡೆಯುತ್ತಿದ್ದರು. ಅಲ್ಲಿ ಬೆವರಿನಿಂದ ತೊಂದರೆ ಇರಲಿಲ್ಲ. ಲಗಾಮಿನ ತೊಗಲು ಬೆವರು ಕುಡಿದು ಇನ್ನೂ ಮೆತ್ತಗಾಗುತ್ತಿತ್ತು, ಕುದುರೆಯೂ ಇವರ ಕೈ ಕಂಡಿತ್ತು. ಅಷ್ಟರಲ್ಲಿ ಊಟಿಯಲ್ಲಿ ಟೀ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟ. ಹೋಗುವಾಗ ಕಾರು ಮಾರಿದ. ಕೊಂಡವರು ನಮ್ಮ ಸಾಹುಕಾರರು. ಇವರನ್ನೇ ಮೈಸೂರಿಗೆ ಕಳಿಸಿ ಕಾರು ಕಲಿಸಿದರು. ಕಾಕಿ ಅಂಗಿ ಹೊಲಿಸಿಕೊಟ್ಟರು. ಆ ಅಂಗಿಯನ್ನು ಇವರು ಮೊದಲ ದಿನ ಮನೆಯಲ್ಲಿ ಬಿಚ್ಚಲೇ ಇಲ್ಲ. ಅದನ್ನು ಹಾಕಿಕೊಂಡೇ ಮುದ್ದೆ ಉಂಡರು, ಅದನ್ನು ಹಾಕಿಕೊಂಡೇ ಎಮ್ಮೆ ಕಟ್ಟಿದರು. ಎಮ್ಮೆ ಗುರುತು ಸಿಗದೆ ಹಗ್ಗ ಕಿತ್ತುಕೊಂಡು ಓಡಿತು.

ಕಾರಿನ ಸ್ಟೇರಿಂಗು ಬರಿಯದು, ಕರ್ರಗೆ ನುಣ್ಣಗೆ ಇತ್ತು. ಇವರ ಅಂಗೈ ಒಸರುವ ಗಡಿಗೆ. ಬಂದ ವಾರದಲ್ಲೇ ಕೈ ಜಾರಿ ಸಾಹುಕಾರರ ಮನೆಯ ಬಾಗಿಲ ಕಲ್ಲುಕಂಬಕ್ಕೆ ಗುದ್ದಿದರು. ಕಂಬಕ್ಕೆ ಏನೂ ಆಗಲಿಲ್ಲ. ಸಾಹುಕಾರರು ಹೊರಗೆ ಬಂದು ನೋಡಿದರು.

‘ಲೋ ಪುಟ್ಟಮಾದ, ಇದೊಂದ್ಸಾರಿ ಬುಟ್ಟಿವ್ನಿ. ಇನ್ನೊಂದ್ಸಾರಿ ಕೈ ಜಾರ್ತು ಅಂದ್ರ ಮೈಸೂರಿಂದ ಬ್ಯಾರ ಡ್ರೈವರ ಕರ್ಕಂಡ್ ಬತ್ತೀನಿ ಕಣ್ಲಾ. ನೀನು ಕುದ್ರ ಬಾಲ ಹಿಡ್ಕಂಡ್ ಓಗು.’

ಇವರು ಮನೆಗೆ ಬಂದು ಅಂಗೈಗೆ ವಿಭೂತಿ ಹಚ್ಚಿ ನೋಡಿದರು, ಸುಣ್ಣ ಹಚ್ಚಿ ನೋಡಿದರು. ವಿಭೂತಿ ಕೆಸರಾಯಿತು, ಸುಣ್ಣ ಸುಟ್ಟಿತು. ಕೊನೆಗೆ ಚಾಮರಾಜನಗರದ ಗಫಾರ್ ಸಾಬರ ಹತ್ತಿರ ಹೋದರು.

ಸಾಬರದು ಪೇಟೆಯಲ್ಲಿ ಒಂದು ಬಾಗಿಲಿನ ಅಂಗಡಿ. ಕುದುರೆಗೆ ಜೀನು, ಲಗಾಮು, ಎತ್ತಿಗೆ ಗೆಜ್ಜೆಪಟ್ಟಿ ಎಲ್ಲ ಅಲ್ಲೇ. ಸಾಹುಕಾರರ ಜಟಕಾದ ಸಾಮಾನೂ ಅವರ ಕೈಯದೇ. ಇವರ ಅಂಗೈ ಮುಟ್ಟಿ ನೋಡಿ ಸಾಬರು, ‘ಅಲ್ಲಾ! ಇದು ಕೈ ಅಲ್ಲಪ್ಪ, ಬಾವಿ’ ಅಂದರಂತೆ. ಲಗಾಮು ಮಾಡಿ ಉಳಿದ ತೊಗಲನ್ನು ಪಟ್ಟಿ ಸೀಳಿ, ಸ್ಟೇರಿಂಗಿಗೆ ಸುತ್ತಲೂ ತೊಡಿಸಿ, ಒಳಗಡೆ ಮೇಣದ ದಾರದಲ್ಲಿ ಹೊಲಿದುಕೊಟ್ಟರು. ಅಂದಿನಿಂದ ಕೈ ಜಾರಲಿಲ್ಲ. ಇವರು ಅದನ್ನು ಸ್ಟೇರಿಂಗು ಎನ್ನುತ್ತಲೂ ಇರಲಿಲ್ಲ, ‘ನನ್ನ ಲಗಾಮು’ ಎನ್ನುತ್ತಿದ್ದರು.

ನಮ್ಮತ್ತೆಗೆ ಮಾತ್ರ ಇದು ಸರಿಬರಲಿಲ್ಲ. ದಿನವೆಲ್ಲ ತೊಗಲು ಹಿಡಿದ ಕೈಯಲ್ಲಿ ಮುದ್ದೆ ಮುರಿಯುವುದುಂಟೇ! ಸಾಯಂಕಾಲ ಬಂದ ಮಗನನ್ನು ಹಿತ್ತಲಲ್ಲಿ ನಿಲ್ಲಿಸಿ, ಹುಣಸೆಹಣ್ಣು ಕೊಟ್ಟು, ಮೂರು ಸಲ ಕೈ ತೊಳೆಸಿ ಒಳಗೆ ಬಿಡುತ್ತಿದ್ದಳು. ‘ಲಗಾಮು ಹಿಡಿದಾಗ ಇಲ್ಲದ್ದು ಈಗ್ಯಾಕವ್ವ?’ ಎಂದು ಇವರು ಕೇಳಿದರೆ, ‘ಅದು ಕುದ್ರದು, ಜೀವ ಇರೋದು. ಇದು ಕಬ್ಬಿಣದ್ದು’ ಎನ್ನುತ್ತಿದ್ದಳು. ಇದರಲ್ಲಿ ಏನು ಅರ್ಥವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಹೇಳಿದ್ದರಲ್ಲಿ ಅರ್ಥ ಹುಡುಕಿದ್ದರೆ ನಾನು ಆ ಮನೆಯಲ್ಲಿ ಬಾಳಲಾಗುತ್ತಿರಲಿಲ್ಲ.

ಆಷಾಢ ಬಂತು. ನಮ್ಮ ಕಡೆ ಆಷಾಢವೆಂದರೆ ಮಳೆಗಿಂತ ಗಾಳಿ ಹೆಚ್ಚು, ಆ ಗಾಳಿಯಲ್ಲಿ ಜಿಟಿಜಿಟಿ ಹನಿ. ಆಷಾಢದಲ್ಲಿ ಸಾಹುಕಾರರು ಎಲ್ಲಿಗೂ ಹೊರಡುವವರಲ್ಲ. ಕಾರು ಶೆಡ್ಡಿನಲ್ಲೇ ನಿಂತಿತು. ಒಂದು ದಿನ ಇವರು ಶೆಡ್ಡು ತೆಗೆದು ನೋಡಿದರೆ ತೊಗಲಿನ ಮೇಲೆಲ್ಲ ಬಿಳಿ ಬೂಷ್ಟು. ಒರಸಿದರೆ ಒಳಗೆ ಹಪ್ಪಳದ ಹಾಗೆ ಗಟ್ಟಿ, ಅಲ್ಲಲ್ಲಿ ಬಿರುಕು. ಮಾರನೆಯ ತಿಂಗಳು ಶ್ರಾವಣ. ಮೊದಲ ಶನಿವಾರ ಸಾಹುಕಾರರ ತಾಯಿ ದೊಡ್ಡವ್ವ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಬೇಕು. ಆಕೆ ಅಲ್ಲಿಯವರೆಗೆ ಕಾರು ಹತ್ತಿರಲಿಲ್ಲ, ‘ಬಾಲ ಇಲ್ಲದ ಗಾಡಿ ನಂಬಬಾರದು’ ಎನ್ನುವವಳು. ಹೇಗೋ ಒಪ್ಪಿಸಿದ್ದರು. ಆ ದಿನ ಕೈ ಜಾರಿದರೆ ಕಾಕಿ ಅಂಗಿ ಹೋಯಿತೆಂದೇ ಲೆಕ್ಕ.

ನಾನು ಆಗ ಚಾಮರಾಜನಗರದ ಹತ್ತಿರದ ತವರಿಗೆ ಹೊರಟಿದ್ದೆ. ‘ಸಾಬ್ರ ಕೇಳ್ಕಂಡ್ ಬಾ ಅಮ್ಮಿ, ಏನ್ ಮಾಡ್ಬೇಕು ಅಂತ. ನೀನೇ ಮಾಡು, ನನ್ನ ಕೈ ಮುಟ್ಟುದ್ರ ಇನ್ನೂ ಬೂಷ್ಟು ಹಿಡೀತದ’ ಎಂದರು.

ಹೋದೆ. ಸಾಬರು ಜೀನು ಹೊಲಿಯುತ್ತಾ ಕೂತಿದ್ದರು. ಎರಡು ಕೈಯಲ್ಲೂ ದಬ್ಬಣ, ಬಾಯಲ್ಲಿ ಮೇಣದ ದಾರ ಕಚ್ಚಿಕೊಂಡಿದ್ದರು. ಒಳಗಿನಿಂದ ಅವರ ಹೆಂಡತಿ ಉರ್ದುವಿನಲ್ಲಿ ಏನೋ ಕೂಗುತ್ತಿದ್ದಳು. ಪಕ್ಕದಲ್ಲಿ ಬಡಗಿ ಚಕ್ರಕ್ಕೆ ಪಟ್ಟಿ ಬಡಿಯುತ್ತಿದ್ದ. ಇಷ್ಟರ ನಡುವೆ ಸಾಬರು ದಾರ ಬಿಡದೆ, ಹಲ್ಲಿನ ಸಂದಿಯಲ್ಲೇ ಹೇಳಿದರು.

‘ನೋಡು ಬೇಟೀ. ಒದ್ದೆ ಬಟ್ಟೆ ಗಟ್ಟಿಯಾಗಿ ಹಿಂಡು, ಬೂಷ್ಟು ಒರಸು. ಸೋಡಾ ಗೀಡಾ ಹಾಕ್ಬ್ಯಾಡ. ನೆರಳಲ್ಲಿ ಆರ್ಲಿ, ಬಿಸಿಲ್ಗ ತೋರಿಸ್ಬ್ಯಾಡ. ಆಮ್ಯಾಕ ಎರಡ್ ಬೊಟ್ಟು ಹರಳೆಣ್ಣೆ, ಬಟ್ಟೆಗ ಹಚ್ಚಿ ತಿಕ್ಕು. ಕೈಗ ಎಣ್ಣೆ ತಗುಲ್ಬಾರ್ದು, ಅಲ್ಲೀತನಕ ತಿಕ್ಕು.’

ಈಗ ಹೇಳುವಾಗ ‘ಎರಡು ಬೊಟ್ಟು’ ಎಂದು ಸರಿಯಾಗಿ ಹೇಳಿದ್ದೇನೆ. ಅವತ್ತು ನನಗೆ ಕೇಳಿಸಿದ್ದು ‘ಎರಡ್ ಬಟ್ಲು’.

ನನ್ನನ್ನು ಬೈಯಬೇಡಿ. ನಮ್ಮ ಮನೆಯಲ್ಲಿ ಹರಳೆಣ್ಣೆಯನ್ನು ಅಳೆಯುವುದೇ ಬಟ್ಟಲಿನಲ್ಲಿ. ಮಕ್ಕಳಿಗೆ ಎಣ್ಣೆನೀರು ಹಾಕುವಾಗ ನಮ್ಮತ್ತೆ ನೆತ್ತಿಯ ಮೇಲೆ ಬಟ್ಟಲನ್ನೇ ಬೋರಲು ಹಾಕಿ, ಕಣ್ಣು ಮೂಗು ಬಾಯಿ ಎಲ್ಲ ಎಣ್ಣೆಯಾಗುವ ತನಕ ತಟ್ಟುತ್ತಿದ್ದಳು. ಮಕ್ಕಳು ಕೈಯಿಂದ ಜಾರಿ ಮೀನಿನ ಹಾಗೆ ಓಡುತ್ತಿದ್ದವು. ಅದನ್ನು ನೋಡಿಯಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಬೂಷ್ಟು ಒರಸಿದೆ. ನೆರಳಲ್ಲಿ ಆರಿಸಿದೆ. ಮೂರು ದಿನ ಶೆಡ್ಡಿನಲ್ಲಿ ಕೂತು ಎಣ್ಣೆ ಉಣಿಸಿದೆ. ಒಂದು ಬಟ್ಟಲು ಅದು ಗಟಗಟ ಕುಡಿಯಿತು, ಬಿರುಕೆಲ್ಲ ಮುಚ್ಚಿ ಕರ್ರಗೆ ಮಿಂಚಿತು. ಅಲ್ಲಿಗೆ ನಿಲ್ಲಿಸಿದ್ದರೂ ಹೇಗೋ ನಡೆದುಹೋಗುತ್ತಿತ್ತು. ಸಾಬರು ಎರಡು ಹೇಳಿದ್ದಾರಲ್ಲ ಎಂದು ಎರಡನೆಯದನ್ನೂ ಹಾಕಿದೆ. ಹೊಲಿಗೆಯ ಸಂದಿಗಳಿಗೆ ಬೆರಳಲ್ಲಿ ಒತ್ತಿ ಒತ್ತಿ ಹಾಕಿದೆ. ಕೈಗೆ ಎಣ್ಣೆ ತಗುಲಬಾರದು ಅಂದಿದ್ದರು. ಎಷ್ಟು ತಿಕ್ಕಿದರೂ ತಗುಲುತ್ತಿತ್ತು. ನನ್ನ ಕೈ ಮೊದಲೇ ಎಣ್ಣೆ ಕೈ, ಅದಕ್ಕೇ ತಗುಲುತ್ತಿದೆ ಎಂದು ಬಿಟ್ಟೆ.

ಶನಿವಾರ ಬೆಳಿಗ್ಗೆ ದೊಡ್ಡವ್ವ ಹಿಂದಿನ ಸೀಟಿನಲ್ಲಿ ಕೂತಳು. ಹಣ್ಣುಕಾಯಿ ಬುಟ್ಟಿ ಹಿಡಿದುಕೊಂಡು ಪಕ್ಕದಲ್ಲಿ ನಾನು. ಇವರು ಸ್ಟೇರಿಂಗು ಹಿಡಿದವರೇ ನನ್ನ ಕಡೆ ತಿರುಗಿ ನೋಡಿದರು. ಬಾಗಿಲಲ್ಲಿ ಸಾಹುಕಾರರು ನಿಂತಿದ್ದರು, ಏನೂ ಹೇಳುವ ಹಾಗಿರಲಿಲ್ಲ. ಟವಲಿನಲ್ಲಿ ಕೈ ಒರಸಿದರು, ತೊಗಲು ಒರಸಿದರು, ಗಾಡಿ ಬಿಟ್ಟರು. ದೊಡ್ಡವ್ವ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ‘ಗೋಪಾಲಾ ಗೋಪಾಲಾ’ ಎನ್ನತೊಡಗಿದಳು.

ಊರು ದಾಟುವ ತನಕ ಸರಿಯಿತ್ತು. ಹಂಗಳದ ಹತ್ತಿರ ಬಿಸಿಲು ಬಂತು. ಬಿಸಿಲು ಬಿದ್ದದ್ದೇ ತೊಗಲು ಕುಡಿದದ್ದನ್ನೆಲ್ಲ ಕಕ್ಕತೊಡಗಿತು. ಅದಕ್ಕೆ ಇವರ ಬೆವರು ಬೇರೆ ಸೇರಿತು. ಬೆಟ್ಟದ ಕಡೆ ತಿರುಗುವ ಜಾಗ ಬಂತು. ಇವರು ತಿರುಗಿಸಿದರು. ಕೈ ತಿರುಗಿತು, ತೊಗಲು ತಿರುಗಿತು, ಕಾರು ತಿರುಗಲಿಲ್ಲ. ಒಳಗೆ ಸೇರಿದ ಎಣ್ಣೆಗೆ ತೊಗಲು ಸಡಿಲವಾಗಿ, ಬಳೆಯ ಹಾಗೆ ಅದರ ಪಾಡಿಗೆ ಅದು ಸುತ್ತುತ್ತಿತ್ತು. ನಾವು ನೆಟ್ಟಗೆ ಹೋಗಿ ಕಡಲೆಕಾಯಿ ಹೊಲದ ಕೆಸರಿನಲ್ಲಿ ಕೂತೆವು. ಒಂದು ದೀಪ ಒಡೆಯಿತು. ಬುಟ್ಟಿಯ ಬಾಳೆಹಣ್ಣು ದೊಡ್ಡವ್ವನ ಮಡಿಲಿಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ.

ದೊಡ್ಡವ್ವ ಕಣ್ಣು ಬಿಟ್ಟಳು. ‘ಏನ್ಲಾ ಆಯ್ತು?’

ನನ್ನ ಗಂಡ ಮೊದಲು ನನ್ನನ್ನು ನೋಡಿದರು. ಆಮೇಲೆ ಕಾಡಿನ ಕಡೆ ನೋಡಿದರು. ‘ಆನ, ಅವ್ವಾ!’ ಎಂದರು.

‘ಎಲ್ಲಿ? ಎಲ್ಲಿ?’

‘ಅಡ್ಡ ಬಂದ್ಬುಡ್ತು. ಓಯ್ತು.’

ದೊಡ್ಡವ್ವ ಕತ್ತು ಚಾಚಿ ಕಾಡು ನೋಡುವಾಗ ನಾನು ಮುಂದೆ ಬಗ್ಗಿ ಸೆರಗಿನಲ್ಲಿ ಸ್ಟೇರಿಂಗು ಒರಸಿದೆ. ಆ ಸೀರೆಯ ಕಲೆ ಹೋಗಲೇ ಇಲ್ಲ.

ಹೊಲದವರು ಎರಡು ಜೊತೆ ಎತ್ತು ತಂದು ಕಾರು ಎಳೆದರು. ಅವರಲ್ಲಿ ಒಬ್ಬ ಮುದುಕ ಬಿಡಲಿಲ್ಲ.

‘ಎತ್ತಗ ಓಯ್ತಪ್ಪ ಆನ?’

‘ಅತ್ತಗ’ ಎಂದರು ಇವರು.

‘ಹೊಲದಲ್ಲಿ ಒಂದ್ ಹೆಜ್ಜೆನೂ ಕಾಣಲ್ವಲ್ಲ?’

‘ರೋಡ್ ಮ್ಯಾಲೇ ಓಯ್ತು. ಬುದ್ವಂತ ಆನ ಕಣಪ್ಪ.’

ಮುದುಕ ಇವರ ಕೈ ನೋಡಿದ, ಕಾರು ನೋಡಿದ, ‘ಊಂ, ನಮ್ಮ ಕಡ ಆನಗೊಳು ಇಸ್ಕೂಲಿಗ ಓಯ್ತಾವೆ’ ಎಂದು ಎತ್ತು ಹೊಡೆದುಕೊಂಡು ಹೋದ.

ಬೆಟ್ಟ ಹತ್ತಲಿಲ್ಲ. ಅಲ್ಲೇ ನಿಂತು ಬೆಟ್ಟಕ್ಕೆ ಕೈಮುಗಿದು, ಸ್ಟೇರಿಂಗಿಗೆ ಟವಲು ಬಿಗಿದು ಕಟ್ಟಿ, ಮೆಲ್ಲಗೆ ವಾಪಸ್ ಬಂದೆವು. ಮನೆ ಮುಟ್ಟುವ ಹೊತ್ತಿಗೆ ದೊಡ್ಡವ್ವನೇ ಆನೆ ನೋಡಿದ್ದಳು. ಮಧ್ಯಾಹ್ನಕ್ಕೆ ಅದಕ್ಕೆ ದಂತ ಬಂತು. ಸಾಯಂಕಾಲ ಬೀದಿಯ ಹೆಂಗಸರೆಲ್ಲ ಕೂಡಿದಾಗ ಒಂದು ಮರಿಯೂ ಹುಟ್ಟಿತು. ‘ಕಿವಿ ಇಷ್ಟಗ್ಲ! ನನ್ನೇ ನೋಡ್ತು! ಪುಟ್ಟಮಾದ ಇಲ್ದಿದ್ರ ನಾನು ಇವತ್ತು ಇರ್ತಿರ್ಲಿಲ್ಲ’ ಎಂದಳು. ಸಾಹುಕಾರರು ಇವರನ್ನು ಕರೆದು ಹೊಸ ಪಂಚೆ ಕೊಟ್ಟರು. ಆಮೇಲೆ ಶೆಡ್ಡಿಗೆ ಹೋಗಿ ಕಾರು ನೋಡಿದರು, ಸ್ಟೇರಿಂಗು ಹಿಡಿದರು. ತೊಗಲು ಗಿರ್ರನೆ ಸುತ್ತಿತು. ಕೈಗೆ ಜಿಡ್ಡು ಹತ್ತಿತು.

‘ನೋಡ್ಲಾ ಆ ಸಾಬಿ ಕೆಲ್ಸವ! ಹದ ಮಾಡ್ದಿರೋ ತೊಗಲು ಹಾಕವ್ನೆ, ಇನ್ನೂ ಕೊಬ್ಬು ಬುಡ್ತಾ ಅದೆ. ಇದು ಜಾರಿ ನಮ್ಮವ್ವಂಗ ಏನಾರ ಆಗಿದ್ರ? ನಾಳ ಮೊದಲ್ನೇ ಬಸ್ಸಿಗ ಓಗು. ಅವನ ತಾವ ಇರೋ ನಮ್ಮ ಜೀನು ಲಗಾಮು ಎಲ್ಲ ಎತ್ಕಂಡ್ ಬಾ. ಇನ್ ಮ್ಯಾಲ ಅವನ್ ಕೆಲ್ಸ ನಮ್ಮವ್ರು ಯಾರೂ ಮಾಡಿಸ್ಕೂಡ್ದು.’

ನಮ್ಮವರು ಯಾರೂ ಎಂದರೆ ಗುಂಡ್ಲುಪೇಟೆಯಲ್ಲಿ ಕುದುರೆ ಕಟ್ಟಿದವರೆಲ್ಲ ಅದರಲ್ಲಿ ಬಂದರು. ಸಾಹುಕಾರರ ಮಾತು ಹಾಗಿತ್ತು. ಅಷ್ಟು ಹೊತ್ತಿಗೇ ಬಸ್ಸುಗಳು ಬಂದು ಜಟಕಾ ಕಮ್ಮಿಯಾಗುತ್ತಿದ್ದವು. ಸಾಬರ ಅಂಗಡಿಗೆ ಇದ್ದದ್ದು ಅದೊಂದೇ ಬಾಗಿಲು.

ಇವರು ಹಿತ್ತಲಲ್ಲಿ ಹುಣಸೆಹಣ್ಣು ಹಿಡಿದು ನಿಂತಿದ್ದರು. ನಮ್ಮತ್ತೆ ಆನೆಯ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ತರಲು ಒಳಗೆ ಹೋದಳು.

‘ಎಷ್ಟು ಎಣ್ಣ ತಟ್ಟಿದ್ದೆ ಅಮ್ಮಿ?’

‘ಎರಡ್ ಬಟ್ಲು. ಸಾಬ್ರು ಹೇಳಿದ್ರಲ್ಲ.’

‘ಬಟ್ಲಲ್ಲ ಕಣಮ್ಮಿ, ಬೊಟ್ಟು. ಬೊಟ್ಟು!’ ಎಂದು ಎರಡು ಬೆರಳು ಎತ್ತಿ ತೋರಿಸಿದರು. ನಗು ತಡೆಯಲಾರದೆ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಬಯ್ಯುತ್ತಾರೆಂದು ಕಾಯುತ್ತಿದ್ದೆ. ನಗುವವರನ್ನು ಏನು ಮಾಡುವುದು. ಆಮೇಲೆ ಅವರ ನಗು ನಿಂತಿತು, ಸಾಹುಕಾರರು ಹೇಳಿದ್ದನ್ನು ಹೇಳಿದರು.

‘ಹೇಳ್ಬುಡಿ, ಎಣ್ಣ ಅಂತ’ ಎಂದೆ.

‘ಹೇಳುದ್ರ ಕಾಕಿ ಅಂಗಿ ಬಿಚ್ಚಿ ಕೊಡ್ಬೇಕು. ಸುಳ್ಳು ಬ್ಯಾರ ಹೇಳಿವ್ನಿ.’

‘ಹೇಳ್ದೆ ಇದ್ರ ಸಾಬ್ರ ಅಂಗಡಿ ಮುಚ್ತದ.’

‘ಅದಕ್ಕೇ ಹೇಳಾಕೂ ಆಗಲ್ಲ, ಬುಡಾಕೂ ಆಗಲ್ಲ.’

‘ಮತ್ತ ಆ ಆನ ಯಾಕ ತಂದ್ರಿ?’

‘ಇನ್ನೇನ್ ತರ್ಲಿ? ನನ್ನ ಹೆಂಡ್ರು ತಟ್ಟಿದ್ಲು ಅನ್ಲಾ?’

ಅವತ್ತು ಅವರು ಉಣ್ಣಲಿಲ್ಲ. ಮುದ್ದೆ ತಟ್ಟೆಯಲ್ಲೇ ಗಟ್ಟಿಯಾಯಿತು. ಅತ್ತೆ, ಆನೆ ಕಂಡ ಭಯ ಎಂದಳು.

ಮಾರನೆಯ ದಿನ ಬೆಳಕು ಹರಿಯುತ್ತಲೇ ಎದ್ದೆ. ಹರಳೆಣ್ಣೆ ಬಟ್ಟಲಿಗೆ ಬಗ್ಗಿಸಿಕೊಂಡೆ, ಸೆರಗು ಮುಚ್ಚಿ ಹಿಡಿದು ಸಾಹುಕಾರರ ಮನೆಗೆ ಹೋದೆ. ಅವರು ಜಗುಲಿಯ ಮೇಲೆ ಬೆಳ್ಳಿ ಹಿಡಿಯ ಕೋಲು ಊರಿಕೊಂಡು ಕೂತಿದ್ದರು. ಕಂಬಕ್ಕೆ ಒರಗಿ ದೊಡ್ಡವ್ವ.

‘ಬುದ್ದೀ, ಕೈ ಚಾಚಿ’ ಎಂದೆ.

ಬೆಳಿಗ್ಗೆಯೇ ಬಟ್ಟಲು ಹಿಡಿದು ಬಂದಿದ್ದಾಳೆ, ಯಾವುದೋ ದೇವರ ತೀರ್ಥವಿರಬೇಕು ಎಂದುಕೊಂಡರೋ ಏನೋ, ಸಾಹುಕಾರರು ಕೋಲು ಪಕ್ಕಕ್ಕಿಟ್ಟು ಬಲಗೈ ಚಾಚಿದರು. ಬಗ್ಗಿಸಿದೆ. ಅವರು ಬಾಯಿಗೆ ಹಾಕಿಕೊಳ್ಳುವ ಮೊದಲು, ‘ಕುಡೀಬ್ಯಾಡಿ. ಈಗ ಕೋಲು ಹಿಡೀರಿ. ಗಟ್ಟಿಯಾಗಿ’ ಎಂದೆ.

ಹಿಡಿದರು. ಕೋಲು ಸರ್ರನೆ ಜಾರಿ ಕಲ್ಲಿನ ಮೇಲೆ ಟಣ್ಣೆಂದು ಬಿತ್ತು.

‘ನೆನ್ನ ಬಂದ ಆನ ಇದೇ ಬುದ್ದೀ’ ಎಂದೆ. ‘ಸಾಬ್ರು ಎರಡ್ ಬೊಟ್ಟು ಅಂದ್ರು, ನಾನು ಎರಡ್ ಬಟ್ಲು ಹಾಕ್ದೆ. ತಪ್ಪು ತೊಗಲ್ದಲ್ಲ, ಇವ್ರ ಕೈದೂ ಅಲ್ಲ. ನನ್ನ ಕಿವೀದು.’

ಸಾಹುಕಾರರು ಅಂಗೈ ನೋಡಿಕೊಂಡರು, ತಾಯಿಯನ್ನು ನೋಡಿದರು. ದೊಡ್ಡವ್ವ ಎಲೆ ಅಡಿಕೆಗೆ ಸುಣ್ಣ ಸವರುತ್ತಾ, ‘ಅದೇನಾರ ಇರ್ಲಿ. ನಾನು ನೋಡಿದ್ ಆನ ಬ್ಯಾರ. ಅದಕ್ಕ ದಂತ ಇತ್ತು’ ಎಂದಳು.

ಸಾಹುಕಾರರ ಹೊಟ್ಟೆ ಅಲುಗತೊಡಗಿತು. ನಗುವೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ‘ನಿನ್ ಗಂಡಂಗ ಹೇಳು. ಬಸ್ಸಿಗ ಓಗ್ಲಿ, ಸಾಮಾನ್ ತರಾಕಲ್ಲ. ಆ ಸಾಬಿನ ಕರ್ಕಂಡ್ ಬಂದು ಅವನ್ ಕೈಲೇ ತೊಗಲ ಬಿಗಿಯಾಗಿ ಹೊಲಿಸ್ಲಿ. ಮತ್ತ ನೀನು ಆ ಶೆಡ್ಡಿನ ತಾವ ಸುಳಿದೀಯ!’

ಕೋಲು ಎತ್ತಿ ಒರಸಿ ಅವರ ಪಕ್ಕದಲ್ಲಿಟ್ಟು ಮನೆಗೆ ಬಂದೆ. ಇವರು ಕಾಕಿ ಅಂಗಿ ಹಾಕಿಕೊಂಡು, ಜೀನು ತುಂಬಿ ತರಲು ಖಾಲಿ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಹೊಸಿಲ ಮೇಲೆ ಕೂತಿದ್ದರು. ಚೀಲ ಇಲ್ಲೇ ಇಡಿ, ಬರಿಗೈಯಲ್ಲಿ ಹೋಗಿ ಸಾಬರನ್ನು ಕರೆದುಕೊಂಡು ಬನ್ನಿ ಎಂದೆ. ಬಟ್ಟಲಿನಲ್ಲಿ ಇನ್ನೂ ಎಣ್ಣೆ ಉಳಿದಿತ್ತು. ಅವರ ನೆತ್ತಿಗೆ ತಟ್ಟಿದೆ. ಎರಡೇ ಬೊಟ್ಟು.